ಮೆಕ್ಸಿಕೋ ಕೊಲ್ಲಿಯ ಮಾದರಿ: ಮೇಲಿನ ಹಾಳೆ ಕಿತ್ತು ಮತ್ತೆ ಶುರು

ಒಂಬತ್ತನೇ ವಾರ. ಮೆಕ್ಸಿಕೋ ಕೊಲ್ಲಿಯ ಕಡಲತಳದ ಮಾದರಿಗೆ ಹದಿನೈದೂ ಫೋಮ್ ಹಾಳೆ ಅಂಟಿಸಿ ಮುಗಿದಿತ್ತು. ನಿನ್ನೆ ಎಲ್ಲಕ್ಕಿಂತ ಮೇಲಿನದನ್ನು ಕಿತ್ತು ತೆಗೆದೆ.

ಅಳತೆ ಇನ್ನೊಮ್ಮೆ ಹೇಳಿಬಿಡುತ್ತೇನೆ. ಅಡ್ಡಕ್ಕೆ 1 ಸೆಂ.ಮೀ. ಎಂದರೆ 20 ಕಿ.ಮೀ. ಪೂರ್ವ-ಪಶ್ಚಿಮ ಸುಮಾರು 1,600 ಕಿ.ಮೀ. ಇರುವ ಕೊಲ್ಲಿ 80 ಸೆಂ.ಮೀ.ಗೆ ಬಂದಿದೆ. ಆಳಕ್ಕೆ 5 ಮಿ.ಮೀ. ಫೋಮ್ ಬೋರ್ಡ್ ಒಂದಕ್ಕೆ 250 ಮೀಟರ್. ಅಂದರೆ ಆಳವನ್ನು 40 ಪಟ್ಟು ಹಿಗ್ಗಿಸಿದ್ದೇನೆ. ಹಾಗೆ ಮಾಡದಿದ್ದರೆ 3,500 ಮೀಟರ್‌ಗೂ ಆಳವಾದ, ಕೊಲ್ಲಿಯ ಅತಿ ಆಳದ ಭಾಗವಾದ ಸಿಗ್ಸ್‌ಬೀ ತಳ ಎರಡು ಮಿ.ಮೀ. ತಗ್ಗಾಗಿ ಉಳಿಯುತ್ತಿತ್ತು.

ಹೆಚ್ಚು ದಿನ ಹಿಡಿದದ್ದು ಲೂಸಿಯಾನಾದಿಂದ ತಳಕ್ಕೆ ಇಳಿಯುವ ಉತ್ತರದ ಇಳಿಜಾರು. ಬೇರೆ ಕಡೆ ಸಮಆಳದ ಗೆರೆಗಳು ನೆಟ್ಟಗೆ ಓಡಿದರೆ ಇಲ್ಲಿ ಬರೀ ಬಟ್ಟಲುಗಳು, ಉಬ್ಬುಗಳು. ಜುರಾಸಿಕ್ ಕಾಲದಲ್ಲಿ ಸಮುದ್ರ ಆರಿ ಉಳಿದ ಉಪ್ಪಿನ ದಪ್ಪ ಪದರ ಕೆಳಗಿದೆ. ಅದರ ಮೇಲೆ ನದಿಗಳು ತಂದ ಹೂಳು ಕೂತು ಒತ್ತಿದಾಗ ಉಪ್ಪು ಅಂಬಲಿಯಂತೆ ಜರುಗಿ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಉಬ್ಬುತ್ತದೆ. ಬೆರಳುಗುರಿನಷ್ಟು ಕುಳಿಗಳನ್ನು ಕಟರ್ ತುದಿಯಲ್ಲಿ ಕೊರೆಯುತ್ತಾ ಎರಡು ವಾರ ಕಳೆದೆ. ಇಡೀ ಮಾದರಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ.

ಹಾಗಾದರೆ ಮೇಲಿನ ಹಾಳೆ ಕಿತ್ತಿದ್ದೇಕೆ? ಚಂಡಮಾರುತದ ದಾರಿ ಗುರುತಿಸಲು ಕೂತಾಗ ತಪ್ಪು ಕಾಣಿಸಿತು. 2005ರ ಕತ್ರೀನಾಕ್ಕೆ ಕೆಂಪು ದಾರ ಎಳೆದೆ: ಆಗಸ್ಟ್ 25ರಂದು ಫ್ಲೋರಿಡಾದ ದಕ್ಷಿಣ, 28ರಂದು ಕೊಲ್ಲಿಯ ನಡುವೆ ಐದನೇ ದರ್ಜೆ (ಗಾಳಿಯ ಬಲದ ಅತಿ ಮೇಲಿನ ದರ್ಜೆ), 29ರಂದು ಮೂರನೇ ದರ್ಜೆಗೆ ಇಳಿದು ಲೂಸಿಯಾನಾ ತೀರ. ಗಾಳಿ ತಗ್ಗಿದ್ದರೂ ಮಿಸಿಸಿಪಿ ರಾಜ್ಯದ ಕರಾವಳಿಯಲ್ಲಿ ಕಡಲು 8 ಮೀಟರ್‌ಗೂ ಮೇಲೆ ಉಕ್ಕಿತು. ನನ್ನ ಅಳತೆಯಲ್ಲಿ 8 ಮೀಟರ್ ಎಂದರೆ 0.16 ಮಿ.ಮೀ., ಒಂದು ಕಾಗದದ ದಪ್ಪ. ಅಷ್ಟು ನೀರು ಬಂದದ್ದು ಹೇಗೆ ಎಂಬುದನ್ನು ತೋರಿಸಬೇಕಾದದ್ದು ತೀರದ ಬಳಿಯ ಆಳವಿಲ್ಲದ ಹಾಸು. ಗಾಳಿ ತಳ್ಳಿದ ನೀರು ಆಳದ ಕಡಲಲ್ಲಿ ಅಡಿಯಿಂದ ಹಿಂದಕ್ಕೆ ಹರಿದು ಹೋಗುತ್ತದೆ. ಹಾಸಿನ ಮೇಲೆ ಅದಕ್ಕೆ ಜಾಗವೇ ಇಲ್ಲ, ತೀರಕ್ಕೇ ಏರುತ್ತದೆ. 1900ರಲ್ಲಿ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಸಾವಿರಾರು ಜನರನ್ನು ಕೊಂದದ್ದೂ ಹೀಗೆ ಏರಿದ ನೀರು. ಕೆಲವೆಡೆ 200 ಕಿ.ಮೀ.ಗೂ ಅಗಲವಾದ ಆ ಹಾಸು ನನ್ನ ಮಾದರಿಯಲ್ಲಿ ಮೇಜಿನಂತೆ ಸಪಾಟಾಗಿತ್ತು. ಮುಖ್ಯ ವಿಷಯವೇ ಒಂದು ಹಾಳೆಯೊಳಗೆ ಅಡಗಿಹೋಗಿತ್ತು.

ಈಗ ಆ ಜಾಗಕ್ಕೆ 1 ಮಿ.ಮೀ.ನ ಐದು ರಟ್ಟು, ಒಂದೊಂದಕ್ಕೆ 50 ಮೀಟರ್. ಹಕ್ಕಿಯ ಪಾದದಂತೆ ಕವಲೊಡೆದ ಮಿಸಿಸಿಪಿ ನದೀಮುಖ ಹಾಸಿನ ಅಂಚಿನವರೆಗೂ ಚಾಚಿರುವುದರಿಂದ ಅಲ್ಲಿ ಐದೂ ರಟ್ಟುಗಳ ಅಂಚು ಹತ್ತಿರ ಹತ್ತಿರ ಬರುತ್ತವೆ. ಫ್ಲೋರಿಡಾದ ಪಶ್ಚಿಮಕ್ಕೆ ಅಂಗೈ ಅಗಲ ದೂರ ಸರಿಯುತ್ತವೆ.

ಲೂಪ್ ಪ್ರವಾಹ ಎಂಬ ಬೆಚ್ಚಗಿನ ಕಡಲಹರಿವನ್ನು ತೋರಿಸಲೂ ದಾರಿ ಸಿಕ್ಕಿತು. ಯುಕಟಾನ್ ಜಲಸಂಧಿಯಲ್ಲಿ ಒಳಬಂದು, ಬಲಕ್ಕೆ ಬಾಗಿ, ಫ್ಲೋರಿಡಾ ಜಲಸಂಧಿಯಲ್ಲಿ ಹೊರಹೋಗುವ ಈ ಪ್ರವಾಹದಲ್ಲಿ ಬೆಚ್ಚಗಿನ ನೀರು 100 ಮೀಟರ್‌ಗೂ ಆಳಕ್ಕಿರುತ್ತದೆ. ಚಂಡಮಾರುತ ಎಷ್ಟು ಕಲಕಿದರೂ ತಣ್ಣೀರು ಸುಲಭಕ್ಕೆ ಮೇಲೆ ಬಂದು ಅದರ ಬಲ ಕುಗ್ಗಿಸುವುದಿಲ್ಲ. ಕತ್ರೀನಾ ಬಲಿತದ್ದು ಇದರ ಮೇಲೇ. 100 ಮೀಟರ್‌ಗೆ 2 ಮಿ.ಮೀ. ಅಲ್ಲವೇ? ಅದೇ ದಪ್ಪದ ಪಾರದರ್ಶಕ ಅಕ್ರಿಲಿಕ್ ಮನೆಯಲ್ಲೇ ಇತ್ತು.

ಮೊದಲ ಎರಡು ರಟ್ಟು ಅಂಟಿಸಿ ಮೇಲೆ ಭಾರ ಹೇರಿಟ್ಟಿದ್ದೇನೆ. ಕೊಲ್ಲಿಯ ದಕ್ಷಿಣಕ್ಕಿರುವ ಕಾಂಪೆಚೆ ಕಡೆಯ ಅಂಚು ಸ್ವಲ್ಪ ಎದ್ದಿದೆ, ನಾಳೆ ನೋಡಬೇಕು.