ಮದುವೆಗೆ ಬಂದು ರಂಪ ಮಾಡುವ ನೆಂಟನನ್ನು ಕಾನೂನು ತಡೆಯುತ್ತದೆಯೇ?

"ಆಸ್ತಿ ಭಾಗದ ಜಗಳದಲ್ಲಿ ಚಿಕ್ಕಪ್ಪ ಮುನಿಸಿಕೊಂಡಿದ್ದಾರೆ. ಧಾರೆ ಹೊತ್ತಿಗೆ ಛತ್ರಕ್ಕೆ ಬಂದು ಮಾನ ತೆಗೀತೀನಿ ಅಂತ ಊರೆಲ್ಲ ಹೇಳಿಕೊಂಡು ತಿರುಗ್ತಿದ್ದಾರೆ. ಏನು ಮಾಡೋದು?" ಲಗ್ನದ ತಿಂಗಳು ಬಂತೆಂದರೆ ಇದೇ ಪ್ರಶ್ನೆ. ಮಾಡಬಹುದಾದದ್ದು ಸಾಕಷ್ಟಿದೆ. ಆದರೆ ಅದರಲ್ಲಿ ಹೆಚ್ಚಿನದು ಮದುವೆಗೆ ಮೊದಲೇ ಆಗಬೇಕಾದ ಕೆಲಸ.

ಮೊದಲು ಠಾಣೆಗೆ ಲಿಖಿತ ಅರ್ಜಿ. "ತೊಂದರೆ ಕೊಡಬಹುದೆಂಬ ಭಯವಿದೆ" ಎಂದಷ್ಟೇ ಬರೆದರೆ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ಯಾವ ದಿನ, ಯಾರೆದುರು, ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಿರಿ. ಲಗ್ನಪತ್ರಿಕೆ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಕರೆಸಿ ಬುದ್ಧಿ ಹೇಳಿದರೂ ಬಗ್ಗದವರಿಗೆ ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿಯ ಜಾಗಕ್ಕೆ ಬಂದ ಅಪರಾಧ ಪ್ರಕ್ರಿಯೆಯ ಹೊಸ ಕಾನೂನು) 126ನೇ ಕಲಂ ಇದೆ (ಹಳಬರ ಬಾಯಲ್ಲಿ ಇನ್ನೂ ಹಳೆಯ ಕಾನೂನಿನ "107"). ಇದರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ತಾಲ್ಲೂಕಿನಲ್ಲಾದರೆ ತಹಶೀಲ್ದಾರರು, ಶಾಂತಿ ಕಾಪಾಡುವಂತೆ ಗರಿಷ್ಠ ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಳ್ಳಬಹುದು. ನೋಟಿಸು, ವಿಚಾರಣೆ ಎಂದು ದಿನ ಹಿಡಿಯುವ ಕೆಲಸವಿದು. ಚಪ್ಪರದ ದಿನ ನೆನಪಾದರೆ ಪ್ರಯೋಜನವಿಲ್ಲ.

ಸಮಾರಂಭ ಮದುವೆಯ ಬದಲು ಗೃಹಪ್ರವೇಶವಾಗಿದ್ದು, ನಿವೇಶನದ ಮೇಲೇ ತಕರಾರಿದ್ದರೆ ನೆಂಟರು ಕೋರ್ಟಿನಿಂದ ತಡೆಯಾಜ್ಞೆ ತರುವ ಸಾಧ್ಯತೆ ಇರುತ್ತದೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 148ಎ ಪ್ರಕಾರ ಕೇವಿಯಟ್, ಅಂದರೆ "ನನ್ನನ್ನು ಕೇಳದೆ ಆದೇಶ ಬೇಡ" ಎಂಬ ಮುಂಗಡ ಅರ್ಜಿ, ಹಾಕಿಟ್ಟರೆ 90 ದಿನಗಳವರೆಗೆ ನಿಮಗೆ ತಿಳಿಸದೆ ಆದೇಶ ಆಗಕೂಡದು.

ಇನ್ನು ಅವರು ಬಂದೇಬಿಟ್ಟರೆ? ಇಡೀ ವಿಷಯ ನಿಂತಿರುವುದು ಒಂದು ವಾಕ್ಯದ ಮೇಲೆ. ಛತ್ರದ ರಸೀದಿ ಯಾರ ಹೆಸರಿನಲ್ಲಿದೆಯೋ ಅವರು ಇಬ್ಬರು ಸಾಕ್ಷಿಗಳೆದುರು, ಮ್ಯಾನೇಜರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು, "ದಯವಿಟ್ಟು ಇಲ್ಲಿಂದ ಹೊರಡಿ" ಎನ್ನಬೇಕು. ಕರೆದೇ ಬಂದ ನೆಂಟರಾದರೂ ಸರಿ, ಹೊರಡಿ ಎಂದ ಮೇಲೂ ಹೆದರಿಸಲು, ಅವಮಾನಿಸಲು ಅಥವಾ ಕಿರಿಕಿರಿ ಮಾಡಲು ಅಲ್ಲೇ ನಿಂತರೆ ಅದು ಬಿಎನ್‌ಎಸ್ (ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ) 329ರಡಿ ಅಪರಾಧಿಕ ಅತಿಕ್ರಮ ಪ್ರವೇಶ. ಶಿಕ್ಷೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಸಣ್ಣದೇ. ಆದರೆ ಇದು ಪೊಲೀಸರು ನೇರವಾಗಿ ಕೈಹಾಕಬಹುದಾದ ಅಪರಾಧ. 112ಕ್ಕೆ ಕರೆ ಮಾಡಿದಾಗ "ಕುಡಿದು ಗಲಾಟೆ" ಎನ್ನುವ ಬದಲು "ಹೊರಡಿ ಎಂದರೂ ಹೋಗುತ್ತಿಲ್ಲ" ಎನ್ನಿ.

ಏಕೆಂದರೆ ಬೈಗುಳ (ಬಿಎನ್‌ಎಸ್ 352), ಕೆನ್ನೆಗೆ ಏಟು (115), ಕುಡಿದು ರಂಪ (355) ಇವೆಲ್ಲ ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ಕೈಹಾಕಲಾಗದ ಅಪರಾಧಗಳು. ಎನ್‌ಸಿಆರ್ (ಅಸಂಜ್ಞೇಯ ದೂರಿನ ದಾಖಲೆ) ಬರೆದು ಹಿಂಬರಹ ಕೊಡುತ್ತಾರೆ, ಕೋರ್ಟಿನ ಅನುಮತಿ ಇಲ್ಲದೆ ತನಿಖೆ ಇಲ್ಲ. "ಪೊಲೀಸರು ಏನೂ ಮಾಡಲಿಲ್ಲ" ಎಂಬ ದೂರಿನ ಮೂಲ ಎಷ್ಟೋ ಸಲ ಇದೇ.

"ಹೊರಡಿ" ಎನ್ನುವ ಈ ದಾರಿ ಹಿರಿಯರ ಮನೆಯಲ್ಲಿ ನಡೆಯದು. ಭಾಗವಾಗದ ಮನೆಯಲ್ಲಿ ಚಿಕ್ಕಪ್ಪನಿಗೂ ಹಕ್ಕಿದ್ದರೆ ಹೊರಡಿ ಎನ್ನಲು ನೀವು ಯಾರು? ಜಗಳ ಇರುವ ಕುಟುಂಬ ಛತ್ರದ ಬಾಡಿಗೆಗೆ ಹಿಂದೆಮುಂದೆ ನೋಡಬಾರದು.

ಹುಡುಗರು ಸೇರಿ ರಟ್ಟೆ ಹಿಡಿದು ಎಳೆದೊಯ್ಯುವುದಂತೂ ಬೇಡವೇ ಬೇಡ. ಅವರು ಕೆಳಗೆ ಬಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ) ಮಾಡಿಸಿಕೊಂಡರೆ ಮದುಮಗನ ಅಣ್ಣನ ಮೇಲೇ ಕೌಂಟರ್ ಕೇಸು. ಪೊಲೀಸರು ಬರುವವರೆಗೆ ವಾಲಗದವರಿಗೆ ಜೋರಾಗಿ ಊದಲು ಹೇಳುವುದು ವಾಸಿ.

ದೂರು ಕೊಡುವ ಆತುರವೂ ಬೇಕಿಲ್ಲ. ಅತಿಕ್ರಮ ಪ್ರವೇಶಕ್ಕೆ, ಸಣ್ಣ ಏಟಿಗೆ ಕಾಲಮಿತಿ ಒಂದು ವರ್ಷ, ಬೈಗುಳಕ್ಕೆ ಮೂರು. ಇವು ರಾಜಿಯಾಗಬಲ್ಲ ಕೇಸುಗಳೂ ಹೌದು, ಮುಂದೆ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಬಹುದು. ಛತ್ರದ ಸಿಸಿಟಿವಿ ಮಾತ್ರ ಕಾಯುವುದಿಲ್ಲ. ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣವಾಗುವ ಮೊದಲೇ, ಬೀಗರೂಟದ ದಿನವೇ, ಪ್ರತಿ ಕೇಳಿಕೊಳ್ಳಿ. ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ಆ ಮೊಬೈಲನ್ನೇ ಜೋಪಾನವಾಗಿಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ, ವಿಡಿಯೊ ಯಾವ ಸಾಧನದಿಂದ ಬಂತೆಂದು ದೃಢೀಕರಿಸುವ ಪ್ರಮಾಣಪತ್ರವಿಲ್ಲದೆ ಫಾರ್ವರ್ಡ್ ಆದ ತುಣುಕನ್ನು ಕೋರ್ಟಿನಲ್ಲಿ ಸಾಬೀತುಪಡಿಸುವುದು ಕಷ್ಟ.