ಹಳದಿ ಕವರಿನ ಕಾಗದ

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?" ಸಿಸ್ಟರ್ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟಿದ್ದು ಅಮ್ಮ. "ಇಲ್ಲ ಸಿಸ್ಟರ್, ಆರಾಮಾಗಿ ಓಡಾಡ್ತಾಳೆ."

"ಎದೆ ಡವಡವ ಅನ್ನುತ್ತಾ?"

"ಹಂಗೇನಿಲ್ಲ."

ಮೂರನೇ ಪ್ರಶ್ನೆಗೆ ಮುಂಚೆ ಸಿಸ್ಟರ್ ಪೆನ್ನು ಕೆಳಗಿಟ್ಟರು. "ಅಮ್ಮ, ಒಂದ್ ಹತ್ತು ನಿಮಿಷ ಹೊರಗೆ ಕೂತಿರ್ತೀರಾ?"

ನನಗಾಗ 29. ಮದುವೆಯಾಗಿ ಎರಡು ವರ್ಷ. ಆಸ್ಪತ್ರೆಯ ಕೋಣೆಯೊಳಗೆ ಅಮ್ಮನಿಲ್ಲದೆ ಕೂತಿದ್ದು ಅದೇ ಮೊದಲು.

ಹುಟ್ಟುವಾಗಲೇ ನನ್ನ ಹೃದಯದಲ್ಲಿ ನಾಲ್ಕು ದೋಷಗಳಿದ್ದವು. ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ಮಹಾಧಮನಿ ಸರಿಯಾಗಿ ಆ ತೂತಿನ ಮೇಲೆ, ಈ ಪಾಡಿಗೆ ದಪ್ಪಗಾದ ಬಲಗಡೆ ಗೋಡೆ. ಟೆಟ್ರಾಲಜಿ ಆಫ್ ಫ್ಯಾಲೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು "ಹಾರ್ಟಲ್ಲಿ ತೂತು", ಅಷ್ಟೆ. ಆಡುತ್ತಾ ಆಡುತ್ತಾ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆನಂತೆ. ತುಟಿ, ಉಗುರು ನೇರಳೆಹಣ್ಣು ತಿಂದ ಹಾಗೆ. ಸೋಮಾರಿ ಅಂತ ಅಜ್ಜಿ ಬೈದದ್ದೂ ಉಂಟು. ಹಾಗೆ ಕೂತರೆ ಕಾಲಿನ ರಕ್ತನಾಳಗಳು ಒತ್ತಿಕೊಂಡು ಶ್ವಾಸಕೋಶದ ಕಡೆ ಹೆಚ್ಚು ರಕ್ತ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಈಗ. ಮೂರು ವರ್ಷದ ಮಗುವಿಗೆ ಅದನ್ನು ಹೇಳಿಕೊಟ್ಟವರು ಯಾರು!

1999ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ವರ್ಷಕ್ಕೊಮ್ಮೆ ಮಕ್ಕಳ ಹೃದ್ರೋಗ ವಿಭಾಗಕ್ಕೆ ಹೋಗುತ್ತಿದ್ದೆವು. ಹದಿನೆಂಟು ತುಂಬಿದಾಗ "ಇನ್ಮೇಲೆ ದೊಡ್ಡವರ ಡಾಕ್ಟರಿಗೆ ತೋರಿಸಿ" ಅಂದರು. ಯಾರಿಗೆ, ಎಲ್ಲಿ ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಹನ್ನೊಂದು ವರ್ಷ ಹಾಗೇ ಕಳೆದುಹೋಯಿತು. ಅತ್ತೆ "ಏನಾದ್ರೂ ವಿಶೇಷ ಇದೆಯಾ" ಅಂತ ಕೇಳಲು ಶುರುಮಾಡಿದ ಮೇಲೆ ಅರಸೀಕೆರೆಯಲ್ಲಿ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಎದೆಯ ಹೊಲಿಗೆ ಗುರುತು ನೋಡಿ, ಸ್ಟೆತಸ್ಕೋಪ್ ಇಟ್ಟು ಸುಮಾರು ಹೊತ್ತು ಸುಮ್ಮನಿದ್ದು, ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಸಿಸ್ಟರಿಗೆ ನಿಜ ಹೇಳಿದೆ. ಎರಡನೇ ಮಹಡಿಯ ತಿರುವಿನಲ್ಲಿ ಫೋನ್ ನೋಡುವ ನೆಪ ಮಾಡಿ ನಿಲ್ಲುತ್ತೇನೆ ಅಂತ. ರಾತ್ರಿ ಒಮ್ಮೊಮ್ಮೆ ಎದೆಯಲ್ಲಿ ಏನೋ ಹಾರಿದ ಹಾಗಾಗುತ್ತದೆ ಅಂತ. ಎಡಗಡೆ ದವಡೆ ಹಲ್ಲು ನೋಯುತ್ತದೆ ಅನ್ನೋದನ್ನೂ ಸುಮ್ಮನೆ ಸೇರಿಸಿದೆ. ಅವರು ಎಲ್ಲವನ್ನೂ ಬರೆದುಕೊಂಡರು.

ಅಂದು ಮಧ್ಯಾಹ್ನ ನನ್ನ ಬಗ್ಗೆ ಡಾಕ್ಟರುಗಳ ಮೀಟಿಂಗ್. ರೋಗಿಗಳನ್ನು ಅದಕ್ಕೆ ಕರೆಯುವುದಿಲ್ಲವಂತೆ. ಆದರೆ ಅರ್ಧಕ್ಕೇ ಸಿಸ್ಟರ್ ಹೊರಗೆ ಬಂದರು, ಈ ಸಲ ಅಮ್ಮನನ್ನು ಹುಡುಕಿಕೊಂಡು. "ಹಳೇ ಆಪರೇಷನ್ ಕಾಗದ ಏನಾದ್ರೂ ಇದೆಯಾ ಅಮ್ಮ?"

ಅಮ್ಮ ಬ್ಯಾಗಿನಿಂದ ಜವಳಿ ಅಂಗಡಿಯ ಹಳದಿ ಕವರು ತೆಗೆದರು. ನುಸಿಗುಳಿಗೆ ವಾಸನೆ. ಇಪ್ಪತ್ತೈದು ವರ್ಷ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿದ್ದ ಕಾಗದ. ಹತ್ತು ನಿಮಿಷ ಬಿಟ್ಟು ನಮ್ಮಿಬ್ಬರನ್ನೂ ಒಳಗೆ ಕರೆದರು.

ಗೋಡೆಯ ಪರದೆಯ ಮೇಲೆ ನನ್ನ ಹೃದಯ, ಬೂದು ಬಣ್ಣದಲ್ಲಿ, ಮಿಡಿಯುತ್ತಾ. ಸುತ್ತ ಏಳೆಂಟು ಜನ. ಸರ್ಜನ್, ತೊಡೆಯ ಸಿರೆಯಿಂದ ವಾಲ್ವ್ ಕೂರಿಸುವ ಡಾಕ್ಟರ್, ಎಂಆರ್‌ಐ ಓದುವವರು, ಅರಿವಳಿಕೆಯವರು, ಹೆರಿಗೆ ಡಾಕ್ಟರ್, ಸಿಸ್ಟರ್. ಹಳೇ ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ಅಂದು ಇಕ್ಕಟ್ಟಾದ ದಾರಿಯನ್ನು ಅಗಲ ಮಾಡಲು ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಇರುವ ಜಾಗವನ್ನೇ ಸೀಳಿ ತೇಪೆ ಹಾಕಿದ್ದರಂತೆ. ಜೀವ ಉಳಿಯಿತು. ಆದರೆ ಮೇಲೆ ಹೋದ ರಕ್ತ ಅಂದಿನಿಂದ ಕೆಳಗೆ ಸೋರುತ್ತಲೇ ಇದೆ, ಬಲಗಡೆ ಕೋಣೆ ಹಿಗ್ಗುತ್ತಲೇ ಇದೆ. ಆ ಕೋಣೆ ಎಷ್ಟು ಹಿಗ್ಗಿದೆ ಅಂತ ದೇಹದ ಅಳತೆಗೆ ಹೊಂದಿಸಿ ಲೆಕ್ಕ ಹಾಕುವ ಸಂಖ್ಯೆ 160ರ ಹತ್ತಿರ ಬಂದರೆ ಹೊಸ ವಾಲ್ವಿನ ಯೋಚನೆ ಮಾಡುತ್ತಾರೆ. ನನ್ನದು 168.

ಸಿರೆಯ ಮೂಲಕವೇ ಹಾಕೋಣ ಅಂದರು ಒಬ್ಬರು. ತೇಪೆ ಹಾಕಿದ ಜಾಗ ತೀರಾ ಅಗಲ, ವಾಲ್ವ್ ನಿಲ್ಲುವುದಿಲ್ಲ ಅಂದರು ಸರ್ಜನ್. ನಮ್ಮೆದುರೇ ವಾದ ನಡೆಯಿತು. ಅಮ್ಮನಿಗೆ ಗಾಬರಿ, ನನಗೆ ಯಾಕೋ ಧೈರ್ಯ ಬಂತು. ಇಷ್ಟು ವರ್ಷ ಒಬ್ಬೊಬ್ಬರೇ ನೋಡಿ "ಚೆನ್ನಾಗಿದ್ದೀಯ" ಅಂದಿದ್ದರಲ್ಲ, ಅದಕ್ಕಿಂತ ಈ ಜಗಳವೇ ನಂಬುವಂಥದ್ದು ಅನ್ನಿಸಿತು.

ಕೊನೆಗೆ ಎದೆ ತೆರೆಯುವುದೇ ಸರಿ ಅಂತಾಯಿತು. ಯಾವ ವಾಲ್ವ್ ಅನ್ನೋದನ್ನು ತೀರ್ಮಾನಿಸಿದ್ದು ಹೆರಿಗೆ ಡಾಕ್ಟರ ಮಾತು. ಲೋಹದ್ದಾದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ, ಮುಂದೆ ಬಸುರಾದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ಆಗಿಬರುವುದಿಲ್ಲ. ಪ್ರಾಣಿಯ ಅಂಗಾಂಶದಿಂದ ಮಾಡಿದ್ದು ಒಳ್ಳೆಯದು, ಆದರೆ ಅದು ಕೆಲವು ವರ್ಷಕ್ಕೆ ಸವೆಯುತ್ತದೆ.

"ಹಂಗಾದ್ರೆ ಮತ್ತೆ ಕುಯ್ಯಬೇಕಾ?" ಅಮ್ಮ ಕೇಳಿದರು.

"ಆಗ ಅದರೊಳಗೇ ಇನ್ನೊಂದನ್ನ ಸಿರೆಯಿಂದ ಕೂರಿಸೋದಕ್ಕೆ ಸಾಧ್ಯ ಆಗಬಹುದು ಅಮ್ಮ," ಅಂದರು ಮೊದಲು ವಾದ ಸೋತವರು.

ಹಿಂದಿನ ರಾತ್ರಿ ನಿದ್ದೆ ಬಾರದೆ ಈ ಕಾಯಿಲೆಯ ಕಥೆ ಓದಿದ್ದೆ. 1944ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನೀಲಿಗಟ್ಟಿದ ಮಗುವೊಂದಕ್ಕೆ ಮೊದಲ ಆಪರೇಷನ್ ಆದಾಗಲೂ ಕೆಲಸ ಒಬ್ಬರದಾಗಿರಲಿಲ್ಲ. ದಾರಿ ಹೊಳೆದದ್ದು ಕಿವಿ ಮಂದವಾಗಿದ್ದ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟೌಸಿಗ್‌ಗೆ, ಕತ್ತಿ ಹಿಡಿದದ್ದು ಆಲ್ಫ್ರೆಡ್ ಬ್ಲಾಲಾಕ್. ಅದನ್ನು ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಮಾಡಿ ಪಳಗಿದ್ದ ವಿವಿಯನ್ ಥಾಮಸ್ ಹಿಂದೆ ಸ್ಟೂಲಿನ ಮೇಲೆ ನಿಂತು ಹೇಳಿಕೊಡುತ್ತಿದ್ದರು. ಡಾಕ್ಟರ್ ಪದವಿ ಇಲ್ಲದ ಕಪ್ಪು ವರ್ಣದ ಮನುಷ್ಯ. ಬಹಳ ಕಾಲ ಅವರ ಹೆಸರನ್ನೇ ಯಾರೂ ಎತ್ತಲಿಲ್ಲ. ಹಳದಿ ಕವರು ಮಡಚಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ ಅಮ್ಮನನ್ನು ನೋಡಿದಾಗ ಆ ಸ್ಟೂಲು ನೆನಪಾಯಿತು.

ಎಲ್ಲ ಮುಗಿಯಿತು ಅನ್ನುವಾಗ ಸಿಸ್ಟರ್ ತಮ್ಮ ಹಾಳೆ ನೋಡಿ, "ಹಲ್ಲು ನೋವಿದೆ ಸರ್," ಅಂದರು. ಆಪರೇಷನ್ ತಾರೀಖು ಅಲ್ಲಿಗೇ ನಿಂತಿತು. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದು ಹೊಸ ವಾಲ್ವಿನ ಮೇಲೆ ಕೂತರೆ ಮುಗಿಯಿತಂತೆ. ಮೊದಲು ಹಲ್ಲು, ಗಾಯ ಮಾಗಿದ ಮೇಲೆ ಹೃದಯ.

"ಎಷ್ಟು ದಿನದಿಂದ ನೋವು?"

"ಮೂರು ತಿಂಗಳು," ಅಂದೆ. ಅಮ್ಮ ನನ್ನ ಕಡೆ ತಿರುಗಿದರು.

ರೈಲಿನಲ್ಲಿ ತುಮಕೂರು ದಾಟುವವರೆಗೂ ಮಾತಿಲ್ಲ. ವಡೆಯವನು ಬಂದ. ಅಮ್ಮ ಎರಡು ಕೊಂಡು, ಒಂದನ್ನು ಮುರಿದು ಚೂರು ಮಾಡಿ ನನ್ನ ಕೈಯಲ್ಲಿಟ್ಟರು.

"ಬಲಗಡೆ ಅಗಿ."