ಪ್ಯಾನೆಲ್ ಮೇಲಿನ ವೋಲ್ಟ್ ನೋಡಿ ಗಾಡಿ ಒಪ್ಪಿಸಬೇಡಿ

ಪುಣೆಯಲ್ಲಿ ಕ್ಯಾರವಾನ್ ಬಾಡಿಗೆಗೆ ಕೊಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಹಗಲು ಗಿರಾಕಿಗಳಿಗೆ ಗಾಡಿ ಒಪ್ಪಿಸುವುದು, ರಾತ್ರಿ ಅವರ ಫೋನ್ ಎತ್ತುವುದು. ಕಳೆದ ಮಳೆಗಾಲದ ಒಂದು ಫೋನ್ ಇನ್ನೂ ತಲೆಯಲ್ಲಿ ಕೂತಿದೆ.

ಗಾಡಿ ಪವನಾ ಕೆರೆ ದಂಡೆಯಲ್ಲಿತ್ತು. ನಿಲ್ಲಿಸಿದ ಜಾಗದಲ್ಲಿ ಹೊರಗಿನ ಕರೆಂಟ್ ಪಾಯಿಂಟ್ ಇಲ್ಲ. ಆ ಮಾವಳ ತಾಲೂಕಿನ ಮಳೆಯಲ್ಲಿ ಸೋಲಾರ್ ಇದ್ದೂ ಇಲ್ಲದ ಹಾಗೆ. ಒಳಗಿದ್ದದ್ದು 150 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ. ಗಿರಾಕಿಗಳು ಹುಬ್ಬಳ್ಳಿ ಕಡೆಯವರು, ಜೊತೆಗೆ ಕೈಕೂಸು.

ರಾತ್ರಿ ಹನ್ನೊಂದರ ಮೇಲೆ ಆ ಕೂಸಿನ ತಾಯಿಯ, ನಾನು ಅಕ್ಕ ಅನ್ನುವವರ, ಫೋನ್. "ತಮ್ಮಾ, ಇನ್ವರ್ಟರ್ ಒಂದೇ ಸಮ ಕೂಗಾಕತ್ತೈತಿ. 11.3 ತೋರಸ್ತೈತಿ. ಸಂಜಿ ಬಂದಾಗ 13.1 ಇತ್ತಲ್ಲ?"

ಆಫೀಸ್ ಗೋಡೆಯ ಚಾರ್ಟ್ ಪ್ರಕಾರ 11.3 ಅಂದರೆ ಬ್ಯಾಟರಿ ಖಾಲಿ. ಫ್ಯಾನ್ ನಿಂತರೆ ಕೂಸಿನ ಗತಿ ಏನು? ಜನ್‌ಸೆಟ್ (ಜನರೇಟರ್) ಹೇರಿಕೊಂಡು ಆ ಮಳೆಯಲ್ಲೇ ಕೆರೆ ಕಡೆಯ ಕಾಮ್‌ಶೇತ್ ದಾರಿ ಹಿಡಿಯಲು ಪಿಕಪ್ ಡ್ರೈವರ್‌ನನ್ನು ಎಬ್ಬಿಸಿದೆ. ನಮ್ಮ ವೈರ್‌ಮನ್ ಕಾಕಾ ವಿಜಯಪುರದವರು. ಅವರಿಗೂ ಫೋನ್ ಹಚ್ಚಿದೆ. ಅವರು ಕೇಳಿದ್ದು ಒಂದೇ ಮಾತು: "ಈಗ ಏನೇನು ಚಾಲೂ ಐತಿ?"

ಕೂಸಿನ ಹಾಲಿಗೆ ಬಿಸಿನೀರು ಬೇಕಿತ್ತು. 1500 ವ್ಯಾಟ್‌ನ ಕೆಟಲ್ ಹಾಕಿದ್ದರು.

"ಅದನ್ನಷ್ಟ ಬಂದ್ ಮಾಡ್ರಿ. ಫ್ಯಾನ್ ಇರಲಿ. ಅರ್ಧ ತಾಸು ತಡೀರಿ," ಅಂದರು ಕಾಕಾ.

ಆ ಅರ್ಧ ತಾಸು ಕಳೆಯುವುದೇ ಕಷ್ಟವಾಯಿತು. ಡ್ರೈವರ್ ಕೀಲಿ ಹಿಡಿದು ಗೇಟಿನಲ್ಲಿ ನಿಂತಿದ್ದ. ಅಕ್ಕ ಮೀಟರ್ ಫೋಟೋ ಕಳಿಸುತ್ತಿದ್ದರು. ಸಿಗ್ನಲ್ ಕಡಿಮೆ, ಒಂದೊಂದು ಫೋಟೋ ಮಸುಕಾಗಿ ತೆರೆದು ನಿಧಾನಕ್ಕೆ ಸ್ಪಷ್ಟವಾಗುತ್ತಿತ್ತು. 11.9. ಆಮೇಲೆ 12.1. ಕೊನೆಗೆ 12.2ಕ್ಕೆ ನಿಂತಿತು. "ಅರ್ಧ ಐತಿ. ಫ್ಯಾನು, ಫ್ರಿಜ್ಜು ಬೆಳಗಿನ ಮಟ ನಡೀತಾವ. ಪಿಕಪ್ ಬ್ಯಾಡ," ಅಂದರು ಕಾಕಾ. ಹಾಗೇ ಆಯಿತು.

ಸಂಜೆಯ 13.1 ಕೂಡ ನಿಜವಾದ ಲೆಕ್ಕ ಅಲ್ಲ. ಗಾಡಿ ಓಡುವಾಗ ಎಂಜಿನ್ ತಿರುಗಿಸಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಮಾರು 14 ವೋಲ್ಟ್ ಕೊಡುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ನೋಡಿದರೆ ಆ ಉಬ್ಬು ಹಾಗೇ ಉಳಿದಿರುತ್ತದೆ. ಕೆಲವು ತಾಸು ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಬಿಟ್ಟ ಮೇಲೆ ತುಂಬಿದ ಬ್ಯಾಟರಿ ತೋರಿಸುವುದು 12.7ರ ಆಸುಪಾಸು, ಅರ್ಧವಾದದ್ದು 12.1ರ ಆಸುಪಾಸು. ಅದಕ್ಕಿಂತ ಕೆಳಗಿಳಿಸಿ ಹಾಗೇ ಬಿಟ್ಟರೆ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿ ಆಯಸ್ಸು ಹೋಗುತ್ತದೆ. ನಮ್ಮ ಹ್ಯಾಂಡೋವರ್ ಶೀಟಿನಲ್ಲಿ ಮಾತ್ರ ವೋಲ್ಟ್ ಬರೆಯುವುದು ಗಾಡಿ ಬಂದು ನಿಂತ ತಕ್ಷಣ. ಆ ಕಾಲಂ ಯಾರಿಗೂ ಉಪಯೋಗವಿಲ್ಲ ಅಂತ ಮೀಟಿಂಗಿನಲ್ಲಿ ಹೇಳಿದ್ದೇನೆ.

ಕೆಟಲ್ ಲೆಕ್ಕವನ್ನು ಈಗ ಗಿರಾಕಿಗಳಿಗೆ ಬಿಡಿಸಿ ಹೇಳುತ್ತೇನೆ. 1500 ವ್ಯಾಟನ್ನು ಬ್ಯಾಟರಿಯ 12 ವೋಲ್ಟಿನಿಂದ ಭಾಗಿಸಿದರೆ 125 ಆಂಪಿಯರ್. ಇನ್ವರ್ಟರ್ ತಿನ್ನುವುದು ಬೇರೆ. ಅಷ್ಟು ಎಳೆದಾಗ ವೋಲ್ಟ್ ಕುಸಿಯಲೇಬೇಕು, ಅಲ್ವಾ? ಬ್ಯಾಟರಿ ಮೇಲೆ ಸಿ20 ಅಂತ ಬರೆದಿದ್ದರೆ 150 ಅನ್ನೋದು 20 ತಾಸು ನಿಧಾನವಾಗಿ, 7.5 ಆಂಪಿಯರ್‌ನಂತೆ ಎಳೆದಾಗ ಸಿಗುವ ಲೆಕ್ಕ. ಕೆಟಲ್ ಓಟದಲ್ಲಿ ಅಷ್ಟು ಸಿಗುವುದೇ ಇಲ್ಲ.

ಹೊಸ ಗಾಡಿಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ. ಅದರ ಕಥೆ ಇನ್ನೂ ಕಷ್ಟ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ 13.2ರ ಆಚೀಚೆಯೇ ತೋರಿಸುತ್ತದೆ. ಕೊನೆಗೆ ಸರ್ರನೆ ಇಳಿದು, ಬ್ಯಾಟರಿ ಕಾಯುವ ಬಿಎಂಎಸ್ ಸರ್ಕ್ಯೂಟ್ ಕಟ್ ಮಾಡುತ್ತದೆ. ಅಲ್ಲಿ ನೆಚ್ಚಬೇಕಾದದ್ದು ಶಂಟ್. ನೆಗೆಟಿವ್ ಕೇಬಲ್‌ನಲ್ಲಿ ಕೂತು ಬ್ಯಾಟರಿಯೊಳಗೆ ಬಂದ ಕರೆಂಟ್, ಹೊರಗೆ ಹೋದ ಕರೆಂಟ್ ಎಣಿಸುತ್ತದೆ. ಹಾಕುವಾಗ ನೋಡಿಕೊಳ್ಳಿ: ನಮ್ಮ ಒಂದು ಗಾಡಿಯಲ್ಲಿ ವಾಟರ್ ಪಂಪಿನ ಕಪ್ಪು (ನೆಗೆಟಿವ್) ವೈರನ್ನು ಶಂಟ್ ಬಿಟ್ಟು ಸೀದಾ ಬ್ಯಾಟರಿ ಟರ್ಮಿನಲ್‌ಗೇ ಬಿಗಿದಿದ್ದರು. ಪಂಪ್ ಎಳೆದದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಗಾಗ ಪೂರ್ತಿ ಚಾರ್ಜ್ ಮಾಡಿ ಅದರ ಲೆಕ್ಕವನ್ನು ನೂರು ಪರ್ಸೆಂಟ್‌ಗೆ ಹೊಂದಿಸದಿದ್ದರೆ ಶಂಟ್ ಕೂಡ ದಾರಿ ತಪ್ಪುತ್ತದೆ.

ಹಳೇ ಗಾಡಿಗಳಿಗೂ ಶಂಟ್ ಬೇಕು ಅಂತ ಬರೆದು ಕೊಟ್ಟಿದ್ದೇನೆ. ಪರ್ಚೇಸ್‌ನವರು ಇನ್ನೂ ಸಹಿ ಹಾಕಿಲ್ಲ. ಗಾಡಿ ಹೊರಗೆ ಬಣ್ಣದ ಲೈಟ್ ಪಟ್ಟಿ ಹಾಕಿಸಲು ದುಡ್ಡಿದೆ, ಇದಕ್ಕಿಲ್ಲ. ಅಲ್ಲಿಯವರೆಗೆ ಒಪ್ಪಿಸುವ ದಿನ ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ನಾನೇ ಮಲ್ಟಿಮೀಟರ್ ಹಿಡಿದು ಅಳೆಯುತ್ತಿದ್ದೇನೆ. ಕೂಸಿರುವ ಮನೆಯವರಿಗೆ ಸಣ್ಣ ಗ್ಯಾಸ್ ಒಲೆ ಜೊತೆಗೆ ಕಳಿಸುತ್ತೇನೆ.